ಇಂಗ್ಲಿಷ್ ಕಲಿಯುವವರ ತಪ್ಪಿಗೂ ಒಂದು ಸರದಿ ಇದೆ

'ಶೀ ಗೋ ಟು ಸ್ಕೂಲ್.' ಇಂಗ್ಲಿಷ್ ಪಾಠ ಮಾಡುವ ಯಾರೇ ಆಗಲಿ, ಈ ವಾಕ್ಯವನ್ನು ತಿದ್ದಿ ತಿದ್ದಿ ಸುಸ್ತಾಗಿರುತ್ತಾರೆ. ಬರೆದ ಹುಡುಗನನ್ನು ನಿಲ್ಲಿಸಿ ನಿಯಮ ಏನು ಅಂತ ಕೇಳಿ. 'ಹೀ, ಶೀ, ಇಟ್ ಬಂದರೆ ಕ್ರಿಯಾಪದಕ್ಕೆ ಎಸ್ ಸೇರಿಸಬೇಕು' ಅಂತ ಥಟ್ಟನೆ ಹೇಳುತ್ತಾನೆ. ಬಿಟ್ಟ ಸ್ಥಳ ತುಂಬಲು ಕೊಟ್ಟರೆ 'ಗೋಸ್' ಅಂತ ಸರಿಯಾಗಿಯೇ ಬರೆಯುತ್ತಾನೆ. ಸ್ವಲ್ಪ ಹೊತ್ತು ಬಿಟ್ಟು, ನಿನ್ನ ಅಕ್ಕನ ಬಗ್ಗೆ ನಾಲ್ಕು ಮಾತು ಹೇಳು ಅನ್ನಿ. ಮತ್ತೆ 'ಶೀ ಗೋ'.

ಶಿಕ್ಷಕರಿಗೆ ತರಬೇತಿ ಕೊಡುವ ಕೆಲಸದಲ್ಲಿ ನಾನು ಅತಿ ಹೆಚ್ಚು ಕೇಳುವ ದೂರು ಇದೇ. 'ಎಷ್ಟು ಸಲ ಹೇಳಿಕೊಟ್ಟರೂ ಇವರ ತಲೆಗೆ ಹೋಗಲ್ಲ ಮೇಡಂ.' ಹುಡುಗರಿಗೆ ಅಸಡ್ಡೆ ಅಂತ ಕೆಲವರು ಬೇಸರಪಡುತ್ತಾರೆ. ನನ್ನ ಪಾಠದಲ್ಲೇ ಕೊರತೆ ಇರಬೇಕು ಅಂತ ಕೆಲವರು ನೊಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಎರಡೂ ನಿಜವಲ್ಲ. ಭಾಷಾ ಕಲಿಕೆಯ ಸಂಶೋಧನೆ 50 ವರ್ಷಗಳಿಂದ ಒಂದು ಮಾತನ್ನು ಮತ್ತೆ ಮತ್ತೆ ತೋರಿಸಿಕೊಟ್ಟಿದೆ. ವ್ಯಾಕರಣದ ಅಂಶಗಳು ನಾವು ಪಾಠ ಮಾಡಿದ ಕ್ರಮದಲ್ಲಿ ಮಾತಿಗೆ ಬರುವುದಿಲ್ಲ. ಅವಕ್ಕೆ ತಮ್ಮದೇ ಸರದಿ ಇದೆ. ಆ ಸರದಿಯಲ್ಲಿ ಈ 'ಎಸ್' ತುಂಬಾ ಹಿಂದೆ ನಿಂತಿದೆ.

ಇದು ಗೊತ್ತಾಗಿದ್ದು ಮೊದಲು ಇಂಗ್ಲಿಷ್ ಮನೆಮಾತಿನ ಮಕ್ಕಳಿಂದ. ಅಮೆರಿಕದ ಮನಶ್ಶಾಸ್ತ್ರಜ್ಞ ರೋಜರ್ ಬ್ರೌನ್ ಮೂರು ಮಕ್ಕಳ ಮಾತನ್ನು ದೀರ್ಘ ಕಾಲ ದಾಖಲಿಸಿಕೊಂಡು, 1973ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. 'ಇಂಗ್', ಬಹುವಚನದ 'ಎಸ್', 'ಎ', 'ದ', ಭೂತಕಾಲದ 'ಇಡಿ', ಹೀಗೆ 14 ಅಂಶಗಳನ್ನು ಅವರು ಹಿಂಬಾಲಿಸಿದರು. ಮೂರೂ ಮಕ್ಕಳು ಅವನ್ನು ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಕಲಿತರು. ಒಬ್ಬರು ಬೇಗ, ಒಬ್ಬರು ನಿಧಾನ, ಆದರೆ ಕ್ರಮ ಅದೇ. ಮರುವರ್ಷ ಹೈಡಿ ಡುಲೇ ಮತ್ತು ಮರೀನಾ ಬರ್ಟ್, ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಯುತ್ತಿದ್ದ ಸ್ಪ್ಯಾನಿಷ್ ಮತ್ತು ಚೀನೀ ಮಾತಿನ ಮಕ್ಕಳನ್ನು ಹೋಲಿಸಿ ನೋಡಿದರು. ಎರಡು ಗುಂಪಿಗೂ ಸರದಿ ಬಹುಪಾಲು ಒಂದೇ ಆಗಿತ್ತು. ಅದೇ 1974ರಲ್ಲಿ ಬೈಲಿ, ಮ್ಯಾಡನ್ ಮತ್ತು ಕ್ರಾಶನ್ ದೊಡ್ಡವರಲ್ಲೂ ಅಂಥದ್ದೇ ಸರದಿ ಕಂಡರು. 'ಇಂಗ್' ಮುಂದೆ, ಬಹುವಚನದ 'ಎಸ್' ಮುಂದೆ. 'ಶೀ ಗೋಸ್'ನ 'ಎಸ್' ಕೊನೆಯ ಕಡೆಗೆ.

ಇಲ್ಲೊಂದು ವಿಚಿತ್ರ ಇದೆ. 'ಕ್ಯಾಟ್ಸ್'ನ 'ಎಸ್' ಮತ್ತು 'ಸಿಟ್ಸ್'ನ 'ಎಸ್' ಕಿವಿಗೆ ಒಂದೇ ಸದ್ದು. ಒಂದು ಬೇಗ ಬರುತ್ತದೆ, ಇನ್ನೊಂದು ವರ್ಷಗಟ್ಟಲೆ ಕಾಯಿಸುತ್ತದೆ. ಯಾಕೆ? 'ಕ್ಯಾಟ್ಸ್'ನಲ್ಲಿ 'ಎಸ್'ಗೆ ಕೆಲಸ ಇದೆ. ಬೆಕ್ಕು ಒಂದಲ್ಲ, ಜಾಸ್ತಿ ಇವೆ ಅಂತ ಅದು ಹೇಳುತ್ತದೆ. 'ಶೀ ಸಿಟ್ಸ್'ನಲ್ಲಿ 'ಎಸ್' ಹೊಸದೇನೂ ಹೇಳುವುದಿಲ್ಲ. ಕೂತವಳು ಒಬ್ಬಳೇ ಅಂತ 'ಶೀ' ಆಗಲೇ ಹೇಳಿ ಆಯಿತು. ಅರ್ಥದ ಹಿಂದೆ ಓಡುತ್ತಿರುವ ಮನಸ್ಸು ಈ ಸಣ್ಣ ಸದ್ದನ್ನು ಕೇಳಿಸಿಕೊಳ್ಳುವ ಗೋಜಿಗೇ ಹೋಗುವುದಿಲ್ಲ. ಗೋಲ್ಡ್‌ಶ್ನೈಡರ್ ಮತ್ತು ಡೆಕೈಸರ್ 2001ರಲ್ಲಿ ಹಳೆಯ 12 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಇದರ ಕಾರಣ ಹುಡುಕಿದರು. ಒಂದು ಅಂಶ ಕಿವಿಗೆ ಎಷ್ಟು ಸ್ಪಷ್ಟವಾಗಿ ಬೀಳುತ್ತದೆ, ಎಷ್ಟು ಸಲ ಬೀಳುತ್ತದೆ, ಅದರ ರೂಪ ಎಷ್ಟು ಬದಲಾಗುತ್ತದೆ, ಎಷ್ಟು ಅರ್ಥಗಳನ್ನು ಹೊತ್ತಿರುತ್ತದೆ, ವಾಕ್ಯದಲ್ಲಿ ಅದರ ಪಾತ್ರ ಏನು. ಈ ಐದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅಂಶ ಅಂಶಗಳ ನಡುವಿನ ವ್ಯತ್ಯಾಸದಲ್ಲಿ ಶೇ. 71ರಷ್ಟಕ್ಕೆ ವಿವರಣೆ ಸಿಗುತ್ತದೆ ಅಂತ ಅವರು ತೋರಿಸಿದರು.

ಮನೆಮಾತಿಗೆ ಇಲ್ಲಿ ಜಾಗವೇ ಇಲ್ವಾ? ಇದೆ. ಸರದಿ ಎಲ್ಲರಿಗೂ ಒಂದೇ ಅನ್ನುವ ಮಾತು ಈಗ ಮೊದಲಿನಷ್ಟು ಗಟ್ಟಿಯಾಗಿ ಉಳಿದಿಲ್ಲ. ಜಪಾನೀ, ಕೊರಿಯನ್, ಚೀನೀ ಮಾತಿನವರಿಗೆ 'ಎ', 'ದ' ಮತ್ತು ಬಹುವಚನದ 'ಎಸ್' ತಡವಾಗಿ ಒಲಿಯುತ್ತವೆ ಅಂತ ಲುಕ್ ಮತ್ತು ಶಿರಾಯ್ 2009ರಲ್ಲಿ ತೋರಿಸಿದರು. ಅವರ ಭಾಷೆಗಳಲ್ಲಿ ಅಂಥ ವ್ಯವಸ್ಥೆ ಇಲ್ಲ, ಅಥವಾ ಕಡ್ಡಾಯವಲ್ಲ. 'ದ' ಬಿಟ್ಟು ಬರೆಯುವ ಕನ್ನಡದ ಹುಡುಗಿಯ ಕಷ್ಟವೂ ಇಂಥದ್ದೇ. ಅವಳ ಭಾಷೆಗೆ ಅದರ ಅಗತ್ಯವೇ ಬಿದ್ದಿಲ್ಲ. ಯಾವಾಗ 'ಎ', ಯಾವಾಗ 'ದ', ಯಾವಾಗ ಎರಡೂ ಬೇಡ ಅಂತ ಅವಳು ಹೊಸದಾಗಿ ಯೋಚಿಸುವುದನ್ನು ಕಲಿಯಬೇಕು. ಬರೀ ಒಂದು ಪದ ನೆನಪಿಟ್ಟುಕೊಂಡರೆ ಮುಗಿಯುವ ಕೆಲಸ ಅಲ್ಲ ಅದು.

ಹಾಗಾದರೆ ತಪ್ಪು ಅಂದರೆ ಏನು? 1967ರಲ್ಲಿ ಪಿಟ್ ಕಾರ್ಡರ್ ಬರೆದ ಒಂದು ಲೇಖನ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಬಾಯಿ ತಪ್ಪಿ ಬಂದ ತಪ್ಪು ಬೇರೆ, ಕಲಿಯುವವರ ಒಳಗಿರುವ ನಿಯಮದಿಂದ ಬಂದ ತಪ್ಪು ಬೇರೆ ಅಂತ ಅವರು ಬಿಡಿಸಿ ಹೇಳಿದರು. ಮೊದಲನೆಯದನ್ನು ಆಡಿದವರೇ ಸರಿಮಾಡಿಕೊಳ್ಳುತ್ತಾರೆ. ಎರಡನೆಯದು ಅವರ ಕಣ್ಣಿಗೆ ತಪ್ಪಾಗಿ ಕಾಣುವುದೇ ಇಲ್ಲ, ಯಾಕೆಂದರೆ ಅವರ ಲೆಕ್ಕದಲ್ಲಿ ಅದು ಸರಿ. 1972ರಲ್ಲಿ ಲ್ಯಾರಿ ಸೆಲಿಂಕರ್ ಆ ಲೆಕ್ಕಕ್ಕೆ 'ಇಂಟರ್‌ಲ್ಯಾಂಗ್ವೇಜ್' ಅಂತ ಹೆಸರಿಟ್ಟರು. ಅದು ಮನೆಮಾತೂ ಅಲ್ಲ, ಪೂರ್ತಿ ಇಂಗ್ಲಿಷೂ ಅಲ್ಲ. ಎರಡರ ನಡುವೆ ಕಲಿಯುವವರು ತಾವೇ ಕಟ್ಟಿಕೊಂಡ, ತನ್ನದೇ ನಿಯಮಗಳಿರುವ ಒಂದು ಭಾಷೆ.

ಪ್ರಶ್ನೆ ಕೇಳುವುದನ್ನೇ ನೋಡಿ. ಈ ನಡುವಿನ ಭಾಷೆ ಹೆಜ್ಜೆ ಹೆಜ್ಜೆಯಾಗಿ ಬದಲಾಗುವುದು ಇಲ್ಲಿ ಕಂಡಷ್ಟು ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ. ಶುರುವಿನಲ್ಲಿ 'ಯು ಆರ್ ಕಮಿಂಗ್?' ಅಂತ ಸ್ವರ ಏರಿಸಿ ಕೇಳುತ್ತಾರೆ. ಪದಗಳು ಹೇಳಿಕೆಯ ಕ್ರಮದಲ್ಲೇ ಇರುತ್ತವೆ. ಆಮೇಲೆ ಪ್ರಶ್ನೆಯ ಪದ ಮುಂದಕ್ಕೆ ಬರುತ್ತದೆ, ಉಳಿದದ್ದು ಹಾಗೇ ಇರುತ್ತದೆ: 'ವೇರ್ ದ ಬುಕ್ ಈಸ್?' ಮುಂದೆ 'ಈಸ್' ಜಾಗ ಬದಲಿಸುತ್ತದೆ: 'ವೇರ್ ಈಸ್ ದ ಬುಕ್?' ಅದಾದ ಮೇಲೆ 'ವೇರ್ ಡಿಡ್ ಶೀ ಗೋ?' ಥರದವು.

ಈಗ ಅದೇ ಹುಡುಗಿ ಒಂದು ದಿನ ಹೀಗೆ ಬರೆಯುತ್ತಾಳೆ: 'ಐ ಡೋಂಟ್ ನೋ ವೇರ್ ಈಸ್ ದ ಬುಕ್.' ಶಿಕ್ಷಕಿಗೆ ಗಾಬರಿ. ಕಳೆದ ವರ್ಷ ಇವಳೇ 'ಐ ಡೋಂಟ್ ನೋ ವೇರ್ ದ ಬುಕ್ ಈಸ್' ಅಂತ ಸರಿಯಾಗಿ ಬರೆದಿದ್ದಳು. ಹಿಂದಕ್ಕೆ ಹೋದಳಾ? ಇಲ್ಲ, ಮುಂದೆ ಬಂದಿದ್ದಾಳೆ. ಕಳೆದ ವರ್ಷ ಅವಳಿಗೆ 'ಈಸ್' ಜಾಗ ಬದಲಿಸುವುದೇ ಗೊತ್ತಿರಲಿಲ್ಲ. ಹಾಗಾಗಿ ಸುಮ್ನೆ ಸರಿಯಾಗಿತ್ತು. ಈ ವರ್ಷ ಜಾಗ ಬದಲಿಸುವುದನ್ನು ಕಲಿತಿದ್ದಾಳೆ, ಆದ್ದರಿಂದ ಪ್ರಶ್ನೆಯ ಪದ ಕಂಡಲ್ಲೆಲ್ಲ ಬದಲಿಸುತ್ತಾಳೆ. ಪ್ರಶ್ನೆ ದೊಡ್ಡ ವಾಕ್ಯದ ಒಳಗೆ ಕೂತಾಗ ಬದಲಿಸಬಾರದು ಅನ್ನುವುದು ಅದರ ಮುಂದಿನ ಹಂತ. ಇಲ್ಲಿ ಕೆಂಪು ಗುರುತು ಹಾಕಿ ಅಂಕ ಕಳೆದರೆ, ನಾವು ಅವಳ ಪ್ರಗತಿಗೇ ಅಂಕ ಕಳೆದ ಹಾಗೆ. ಈ ಒಂದು ಉದಾಹರಣೆಯನ್ನು ನಾನು ಪ್ರತಿ ತರಬೇತಿಯಲ್ಲೂ ತಪ್ಪದೆ ಕೊಡುತ್ತೇನೆ.

ಹಂತ ಹಾರಿಸಿ ಕಲಿಸಬಹುದಾ? ಜರ್ಮನ್ ಭಾಷೆ ಕಲಿಯುತ್ತಿದ್ದ ಇಟಾಲಿಯನ್ ಮಾತಿನ ಮಕ್ಕಳ ಮೇಲೆ ಮಾನ್‌ಫ್ರೆಡ್ ಪೀನಮನ್ ಇದನ್ನು ಪರೀಕ್ಷಿಸಿ 1984ರಲ್ಲಿ ಬರೆದರು. ಮುಂದಿನ ಹಂತಕ್ಕೆ ಆಗಲೇ ತಯಾರಾಗಿದ್ದ ಮಗು ಪಾಠದಿಂದ ಬೇಗ ಲಾಭ ಪಡೆಯಿತು. ಎರಡು ಹೆಜ್ಜೆ ಹಿಂದಿದ್ದ ಮಗುವಿಗೆ ಅದೇ ಪಾಠದಿಂದ ಉಪಯೋಗ ಆಗಲಿಲ್ಲ. ಬರೀ ಉರುಹಚ್ಚಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಪ್ಯಾಟ್ಸಿ ಲೈಟ್‌ಬೌನ್ ಅವರು ಕೆನಡಾದ ಕ್ವಿಬೆಕ್‌ನಲ್ಲಿ ಮಾಡಿದ ಅಧ್ಯಯನ ಇದೆ, 1983ರದ್ದು. ಫ್ರೆಂಚ್ ಮಾತಿನ ಮಕ್ಕಳಿಗೆ ತರಗತಿಯಲ್ಲಿ 'ಇಂಗ್' ರೂಪವನ್ನು ಬಹಳ ಅಭ್ಯಾಸ ಮಾಡಿಸಲಾಗಿತ್ತು. ಮಕ್ಕಳು ಅದನ್ನು ಬೇಕಾದಲ್ಲಿ, ಬೇಡವಾದಲ್ಲಿ ಎಲ್ಲ ಕಡೆ ಬಳಸಿದರು. ಪಾಠ ಬೇರೆ ಕಾಲರೂಪಕ್ಕೆ ಸರಿದ ಮೇಲೆ 'ಇಂಗ್' ಬಳಕೆಯೇ ಕಡಿಮೆಯಾಯಿತು. ಕಲಿತ ಹಾಗೆ ಕಂಡದ್ದು ಪೂರ್ತಿ ಒಳಗಿಳಿದಿರಲಿಲ್ಲ.

ಹಾಗಂತ ಕಾಯುತ್ತಾ ಕೂತರೆ ಎಲ್ಲ ತಾನಾಗಿ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಅದೂ ಸುಳ್ಳು. ರಿಚರ್ಡ್ ಶ್ಮಿಟ್ 1983ರಲ್ಲಿ ಒಬ್ಬ ಜಪಾನೀ ಕಲಾವಿದನ ಬಗ್ಗೆ ಬರೆದರು. ಆತ ಹವಾಯಿಯಲ್ಲಿದ್ದು ದಿನವಿಡೀ ಇಂಗ್ಲಿಷಿನಲ್ಲಿ ವ್ಯವಹರಿಸುತ್ತಿದ್ದ. ಮಾತುಗಾರ, ಎಲ್ಲರಿಗೂ ಬೇಕಾದವ. ವರ್ಷಗಳು ಕಳೆದರೂ ಅವನ ವ್ಯಾಕರಣ ಮಾತ್ರ ಹೆಚ್ಚು ಸುಧಾರಿಸಲಿಲ್ಲ. ಗಮನಕ್ಕೆ ಬಾರದ್ದು ಕಲಿಕೆಗೆ ಬರುವುದಿಲ್ಲ ಅನ್ನುವ ವಾದವನ್ನು ಶ್ಮಿಟ್ 1990ರಲ್ಲಿ ಮುಂದಿಟ್ಟರು. ವ್ಯಾಕರಣವನ್ನು ನೇರವಾಗಿ ಹೇಳಿಕೊಟ್ಟರೆ ಪ್ರಯೋಜನ ಇದೆ ಅಂತ ನಾರಿಸ್ ಮತ್ತು ಒರ್ಟೇಗಾ 2000ದಲ್ಲಿ 49 ಅಧ್ಯಯನಗಳ ಲೆಕ್ಕ ಹಾಕಿ ತೋರಿಸಿದರು. ಆದರೆ ಅಲ್ಲೇ ಒಂದು ಎಚ್ಚರಿಕೆಯನ್ನೂ ಕೊಟ್ಟರು. ಆ ಅಧ್ಯಯನಗಳಲ್ಲಿ ಹೆಚ್ಚಿನವು ಕಲಿಕೆಯನ್ನು ಅಳೆದದ್ದು ನಿಯಮ ಯೋಚಿಸಿ ಉತ್ತರಿಸಬಹುದಾದ ಪರೀಕ್ಷೆಗಳಿಂದ, ಸಹಜ ಮಾತಿನಿಂದ ಅಲ್ಲ. ಬಿಟ್ಟ ಸ್ಥಳದಲ್ಲಿ 'ಗೋಸ್', ಬಾಯಲ್ಲಿ 'ಗೋ' ಅನ್ನುವ ಅಂತರ ಅಲ್ಲೂ ಇತ್ತು.

ಹಾಗಾಗಿ ಪ್ರಶ್ನೆ, ತಪ್ಪನ್ನು ತಿದ್ದಬೇಕಾ ಬೇಡವಾ ಅನ್ನುವುದಲ್ಲ. ಯಾವುದನ್ನು, ಯಾವಾಗ, ಹೇಗೆ ಅನ್ನುವುದು.

ಮಾತಿನ ತರಗತಿಯಲ್ಲಿ ಶಿಕ್ಷಕರು ಸಾಮಾನ್ಯವಾಗಿ ಏನು ಮಾಡುತ್ತಾರೆ ಅಂತ ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ ನೋಡಿದರು. ಮಾಂಟ್ರಿಯಲ್ ಸುತ್ತಮುತ್ತ, ಫ್ರೆಂಚ್ ಮಾಧ್ಯಮದಲ್ಲಿ ಓದುತ್ತಿದ್ದ ಇಂಗ್ಲಿಷ್ ಮಾತಿನ ಮಕ್ಕಳ ತರಗತಿಗಳು ಅವು. 1997ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ, ತಿದ್ದಿದ್ದರಲ್ಲಿ ಶೇ. 55ರಷ್ಟು ಒಂದೇ ಬಗೆ. ಮಗು ತಪ್ಪು ಹೇಳಿದರೆ ಶಿಕ್ಷಕರೇ ಸರಿಯಾದ ವಾಕ್ಯ ಹೇಳಿ ಮುಂದೆ ಹೋಗುವುದು. ಮಕ್ಕಳು ಅದಕ್ಕೆ ಏನಾದರೂ ಪ್ರತಿಕ್ರಿಯೆ ಕೊಟ್ಟದ್ದು ಶೇ. 31ರಷ್ಟು ಸಲ ಮಾತ್ರ. 'ಶೀ ಗೋ ಟು ಸ್ಕೂಲ್' ಅಂದ ಮಗುವಿಗೆ ಟೀಚರ್ 'ಯೆಸ್, ಶೀ ಗೋಸ್ ಟು ಸ್ಕೂಲ್' ಅಂದರೆ, ಟೀಚರ್‌ಗೆ ತನ್ನ ಮಾತು ಹಿಡಿಸಿತು ಅಂತಲೇ ಮಗು ತಿಳಿಯುತ್ತದೆ, ಅಲ್ವಾ? ಇದಕ್ಕೆ ಬದಲು ಶಿಕ್ಷಕರು 'ಶೀ...?' ಅಂತ ಅರ್ಧಕ್ಕೆ ನಿಲ್ಲಿಸಿ ಮಗುವಿನಿಂದಲೇ ಹೊರಡಿಸಲು ನೋಡಿದಾಗ, ಪ್ರತಿ ಸಲವೂ ಮಕ್ಕಳು ಏನಾದರೊಂದು ಪ್ರಯತ್ನ ಮಾಡಿದರು. ಅದರಲ್ಲಿ ಅರ್ಧದ ಹತ್ತಿರ ಸರಿಯೂ ಆಯಿತು. ಸರಿ ವಾಕ್ಯ ಹೇಳಿಬಿಡುವುದು ದಂಡ ಅಂತಲ್ಲ. ಒಬ್ಬರೇ ಎದುರಿಗೆ ಕೂತಿದ್ದಾಗ ಅದೂ ಕಿವಿಗೆ ಬೀಳುತ್ತದೆ. ತುಂಬಿದ ತರಗತಿಯಲ್ಲಿ ಮಾತ್ರ ಹೆಚ್ಚಾಗಿ ಗಾಳಿಗೆ ಹೋಗುತ್ತದೆ.

ಬರವಣಿಗೆಯ ವಿಷಯದಲ್ಲಿ ಜಗಳ ಇನ್ನೂ ಜೋರು. 1996ರಲ್ಲಿ ಜಾನ್ ಟ್ರಸ್ಕಾಟ್, ವ್ಯಾಕರಣ ತಿದ್ದುವುದನ್ನು ಪೂರ್ತಿ ಬಿಟ್ಟುಬಿಡಿ, ಅದರಿಂದ ಹಾನಿಯೇ ಜಾಸ್ತಿ ಅಂದರು. ಅಷ್ಟು ಬೇಗ ಆ ತೀರ್ಮಾನಕ್ಕೆ ಬರುವುದು ಸರಿಯಲ್ಲ ಅಂತ ಡಾನಾ ಫೆರಿಸ್ 1999ರಲ್ಲಿ ಅದಕ್ಕೆ ಉತ್ತರ ಕೊಟ್ಟರು. ನನಗೆ ಒಪ್ಪಿಗೆಯಾಗುವುದು ಈ ಎರಡರ ನಡುವಿನ ದಾರಿ. ಯಂಗ್‌ಹೀ ಶೀನ್ 2007ರ ಅಧ್ಯಯನದಲ್ಲಿ 'ಎ', 'ದ' ತಪ್ಪುಗಳನ್ನಷ್ಟೇ ತಿದ್ದಿಸಿದರು. ಆ ತಪ್ಪುಗಳು ಕಡಿಮೆಯಾದವು. ಯಾಕೆ ತಪ್ಪು ಅಂತ ಒಂದು ಸಾಲು ವಿವರಣೆ ಜೊತೆಗಿದ್ದ ಗುಂಪಿಗೆ ಇನ್ನೂ ಹೆಚ್ಚು ಲಾಭ ಆಯಿತು. ಇಡೀ ಪುಟ ಕೆಂಪಾಗಿದ್ದರೆ ಮಗು ನೋಡುವುದು ಅಂಕವನ್ನು ಮಾತ್ರ. ಒಂದೇ ಬಗೆಯ ತಪ್ಪಿಗೆ ಗುರುತು ಬಿದ್ದಿದ್ದರೆ ಆ ತಪ್ಪನ್ನು ನೋಡುತ್ತದೆ.

ಅರ್ಥಕ್ಕೆ ಮೊದಲ ಜಾಗ ಕೊಟ್ಟ ಒಂದು ದೊಡ್ಡ ಪ್ರಯೋಗವನ್ನು ಇಲ್ಲಿ ನೆನೆಯಲೇಬೇಕು. ಎನ್. ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ಅದನ್ನು ನಡೆಸಿದರು. ಜಗತ್ತಿನ ಭಾಷಾ ಶಿಕ್ಷಣದ ಪುಸ್ತಕಗಳಲ್ಲಿ ಅದಕ್ಕೆ 'ಬ್ಯಾಂಗಲೋರ್ ಪ್ರಾಜೆಕ್ಟ್' ಅಂತಲೇ ಹೆಸರು. ವ್ಯಾಕರಣದ ಪಟ್ಟಿ ಇಟ್ಟುಕೊಂಡು ಪಾಠ ಮಾಡುವ ಬದಲು, ರೈಲಿನ ವೇಳಾಪಟ್ಟಿ ಓದುವುದು, ನಕ್ಷೆ ನೋಡಿ ದಾರಿ ಹುಡುಕುವುದು, ಇಂಥ ಯೋಚನೆ ಬೇಡುವ ಕೆಲಸ ಕೊಡುತ್ತಿದ್ದರು. ತಪ್ಪು ಬಂದರೆ ಆ ಹೊತ್ತಿಗೆ ಬೇಕಾದಷ್ಟು ತಿದ್ದಿ ಕೆಲಸ ಮುಂದುವರಿಸುತ್ತಿದ್ದರು. ಪಾಠ ನಿಲ್ಲಿಸಿ ನಿಯಮ ವಿವರಿಸುತ್ತಿರಲಿಲ್ಲ. ಇವತ್ತು ಕೆಲಸ ಆಧಾರಿತ ಕಲಿಕೆ ಅಂತ ಎಲ್ಲೆಡೆ ಹೇಳುವ ವಿಧಾನಕ್ಕೆ ಇದು ಆರಂಭದ ಗಟ್ಟಿ ಮಾದರಿ.

ಶಿಕ್ಷಕರಿಗೆ ನಾನು ಹೇಳುವುದು ಇಷ್ಟು. ನೋಟ್‌ಬುಕ್ ಕೈಗೆತ್ತಿಕೊಂಡಾಗ ಮೊದಲು ಪೆನ್ನು ಕೆಳಗಿಟ್ಟು ಒಂದು ಸಲ ಪೂರ್ತಿ ಓದಿ. ಅರ್ಥ ಕೆಡಿಸುವ ತಪ್ಪು ಇದ್ದರೆ ಅದನ್ನು ಮೊದಲು ಹಿಡಿಯಿರಿ. ಆಮೇಲೆ, ಒಮ್ಮೆ ಸರಿ ಒಮ್ಮೆ ತಪ್ಪು ಬರೆದಿರುವ ಅಂಶ ಯಾವುದು ಅಂತ ಹುಡುಕಿ. ಮಗು ಎಲ್ಲಾ ಕಡೆ ತಪ್ಪು ಮಾಡಿದ್ದರೆ ಬಹುಶಃ ಅದಕ್ಕೆ ಇನ್ನೂ ಸಮಯ ಬಂದಿಲ್ಲ. ನಾಲ್ಕರಲ್ಲಿ ಎರಡು ಸರಿಯಿದ್ದರೆ ಬಾಗಿಲು ತೆರೆಯುತ್ತಿದೆ ಅಂತ ಅರ್ಥ. ನಿಮ್ಮ ಕೆಂಪು ಪೆನ್ನಿಗೆ ಅಲ್ಲಿ ಬೆಲೆ ಇದೆ. ಗುರುತು ಹಾಕಿ, ಉತ್ತರ ಬರೆಯಬೇಡಿ, ಅವರೇ ತಿದ್ದಲಿ.

ಇನ್ನು ಆ ಹಠಮಾರಿ 'ಎಸ್'. ಮಾತಿನಲ್ಲಿ ಅದನ್ನು ಬೆನ್ನಟ್ಟಬೇಡಿ. ಬರವಣಿಗೆಯಲ್ಲಿ ಬೇರೆ ದಾರಿ ಇದೆ. ಬರೆಯುವವರಿಗೆ ಸಮಯ ಇರುತ್ತದೆ, ಗೊತ್ತಿರುವ ನಿಯಮವನ್ನು ಬಳಸಲು ಬೇಕಾದದ್ದು ಆ ಸಮಯವೇ. ಬರೆದು ಮುಗಿಸಿದ ಮೇಲೆ ಕೊನೆಯ ಐದು ನಿಮಿಷ 'ಹೀ', 'ಶೀ', 'ಇಟ್' ಇರುವ ವಾಕ್ಯಗಳನ್ನು ಮಾತ್ರ ಬೆರಳಿಟ್ಟು ಓದುವ ಅಭ್ಯಾಸ ಮಾಡಿಸಿ. ಬೇರೆ ಏನನ್ನೂ ನೋಡುವುದು ಬೇಡ. ಪರೀಕ್ಷೆಯ ಅಂಕದ ಚಿಂತೆ ಇರುವವರಿಗೂ ಇದು ಸಾಕಾಗುತ್ತದೆ.

ಮನೆಯಲ್ಲಿ ಅಪ್ಪ ಅಮ್ಮ ಮಾಡಬಹುದಾದದ್ದು ಇನ್ನೂ ಸುಲಭ. ಮಗು ಇಂಗ್ಲಿಷಿನಲ್ಲಿ ಏನೋ ಹೇಳಲು ಹೊರಟಾಗ ವಾಕ್ಯ ಮುಗಿಯುವವರೆಗೆ ಕೇಳಿ. ಹೇಳಿದ ವಿಷಯಕ್ಕೆ ಮೊದಲು ಉತ್ತರ ಕೊಡಿ. ಆಮೇಲೆ ಅದೇ ವಿಷಯದ ಬಗ್ಗೆ ಇನ್ನೊಂದು ಪ್ರಶ್ನೆ ಕೇಳಿ, ಇನ್ನಷ್ಟು ಹೇಳಲಿ. ಓದಲು ಇಷ್ಟವಾಗುವ ಪುಸ್ತಕ ಕೈಗೆ ಸಿಗುವಂತೆ ನೋಡಿಕೊಳ್ಳಿ. ವಿಷಯ ಅರ್ಥವಾಗುವಷ್ಟು ಸುಲಭ ಇರಲಿ. ಪುಟಕ್ಕೆ ಹತ್ತು ಹೊಸ ಪದ ಬಂದರೆ ಯಾವ ಮಗುವೂ ಓದುವುದಿಲ್ಲ.