ಪ್ಯಾನ್‌ಕೇಕ್ ಲೆನ್ಸ್ ಯಾಕೆ ಅಷ್ಟು ತೆಳ್ಳಗೆ?

ಸೆಟ್ ದೋಸೆ ಥರ ಚಪ್ಪಟೆಯಾಗಿ ಕ್ಯಾಮೆರಾ ಬಾಡಿಗೆ ಅಂಟಿಕೊಂಡು ಕೂರುವ ಲೆನ್ಸ್‌ಗೆ ಪ್ಯಾನ್‌ಕೇಕ್ ಅಂತ ಹೆಸರು. ನಾನು ಜಾಸ್ತಿ ಬಳಸಿರುವುದು ಕ್ಯಾನನ್‌ನ 40 ಎಂಎಂ ಎಫ್/2.8 ಎಸ್‌ಟಿಎಂ (40 ಎಂಎಂ ಅನ್ನೋದು ಫೋಕಲ್ ಲೆಂತ್, ಎಫ್/2.8 ಬೆಳಕಿನ ಕಿಂಡಿ ಎಷ್ಟು ತೆರೆಯುತ್ತದೆ ಅನ್ನೋ ಲೆಕ್ಕ, ಎಸ್‌ಟಿಎಂ ಫೋಕಸ್ ಮಾಡುವ ಮೋಟಾರ್‌ನ ಹೆಸರು), ಹಾಗಾಗಿ ಅದನ್ನೇ ಇಟ್ಟುಕೊಂಡು ಹೇಳ್ತೀನಿ. 2012ರಲ್ಲಿ ಬಂದ ಲೆನ್ಸ್ ಇದು. ಉದ್ದ 22.8 ಎಂಎಂ, ತೂಕ 130 ಗ್ರಾಂ. ಕ್ಯಾನನ್‌ನದೇ 24-70 ಎಂಎಂ ಎಫ್/2.8 ಎಲ್ ಝೂಮ್ ಲೆನ್ಸ್‌ನ ಎರಡನೇ ಆವೃತ್ತಿ 805 ಗ್ರಾಂ ಇದೆ. ಎರಡರ ಗರಿಷ್ಠ ಅಪರ್ಚರ್ (ಆ ಎಫ್ ಲೆಕ್ಕ) ಒಂದೇ!

ಇಷ್ಟು ಚಿಕ್ಕದು ಹೇಗಾಯಿತು ಅನ್ನೋದು ಗೊತ್ತಾದರೆ ಮಿಕ್ಕಿದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಚಿತ್ರ ಹಿಡಿಯುವ ಸೆನ್ಸರ್ ಮುಂದೆ ಒಂದು ಕನ್ನಡಿ ಇರುತ್ತದೆ, ಕ್ಲಿಕ್ ಮಾಡಿದಾಗ ಅದು ಮೇಲಕ್ಕೆ ಏಳಬೇಕು, ಅದಕ್ಕೆ ಜಾಗ ಬೇಕು. ಅದಕ್ಕೇ ಲೆನ್ಸ್ ಕೂರುವ ಮೌಂಟ್‌ನಿಂದ ಸೆನ್ಸರ್‌ವರೆಗೆ ಕ್ಯಾನನ್ ಇಎಫ್‌ನಲ್ಲಿ 44 ಎಂಎಂ, ನಿಕಾನ್ ಎಫ್‌ನಲ್ಲಿ 46.5 ಎಂಎಂ ಅಂತರ ಬಿಟ್ಟಿದ್ದಾರೆ. ಈಗ ಒಂದು ಭೂತಗನ್ನಡಿ ನೆನಪಿಸಿಕೊಳ್ಳಿ. ದೂರದ ಮರ ಗೋಡೆ ಮೇಲೆ ಸ್ಪಷ್ಟವಾಗಿ ಮೂಡಬೇಕಾದರೆ ಗಾಜನ್ನು ಗೋಡೆಯಿಂದ ಅದರ ಫೋಕಲ್ ಲೆಂತ್‌ನಷ್ಟು ದೂರದಲ್ಲಿ ಹಿಡಿಯಬೇಕು, ಅಲ್ವಾ? ಅಂದರೆ 40-45 ಎಂಎಂ ಲೆನ್ಸ್‌ನ ಗಾಜುಗಳು ಹೆಚ್ಚು ಕಡಿಮೆ ಮೌಂಟ್ ಇರುವ ಜಾಗದಲ್ಲೇ ಕೂತರೆ ಸಾಕು. ಮುಂದೆ ಉದ್ದದ ಕೊಳವೆಯೇ ಬೇಡ.

100 ಎಂಎಂ ಆದರೆ ಗಾಜು ಮುಂದಕ್ಕೆ ಹೋಗಬೇಕು, ಕೊಳವೆ ಬೆಳೆಯುತ್ತದೆ. 20 ಎಂಎಂ ಆದರೆ ಗಾಜು ಸೆನ್ಸರ್ ಹತ್ತಿರ ಬರಬೇಕು, ಆದರೆ ಅಲ್ಲಿ ಕನ್ನಡಿ ಅಡ್ಡ ಇದೆ. ಆಗ ಬೆಳಕನ್ನು ಸುತ್ತಿ ಬಳಸಿ ತರುವ ರೆಟ್ರೋಫೋಕಸ್ ವಿನ್ಯಾಸ ಬೇಕಾಗುತ್ತದೆ, ಗಾಜುಗಳ ಸಂಖ್ಯೆ ಏರುತ್ತದೆ. ಹಳೆಯ ಪ್ಯಾನ್‌ಕೇಕ್‌ಗಳನ್ನು ನೋಡಿ: ನಿಕಾನ್‌ನ 1969ರ ಜಿಎನ್ 45 ಎಂಎಂ, ಪೆಂಟಾಕ್ಸ್‌ನ 1976ರ 40 ಎಂಎಂ. ಇಬ್ಬರೂ ಅದೇ ಅಳತೆಗೆ ಬಂದು ನಿಂತಿದ್ದಾರೆ. ಆ ನಿಕಾನ್ ಲೆನ್ಸ್‌ನಲ್ಲಿ ಇರುವುದು ನಾಲ್ಕೇ ಗಾಜು, 1902ರಲ್ಲಿ ಝೈಸ್ ಕಂಪನಿಯಲ್ಲಿ ಪಾಲ್ ರುಡಾಲ್ಫ್ ರೂಪಿಸಿದ ಟೆಸ್ಸಾರ್ ಮಾದರಿ. ನನಗಂತೂ ಇದು ಓದಿದಾಗ ತುಂಬಾ ಖುಷಿಯಾಯಿತು.

ಕನ್ನಡಿ ಇಲ್ಲದ ಮಿರರ್‌ಲೆಸ್‌ನಲ್ಲಿ ಆ ಅಂತರ ಕ್ಯಾನನ್ ಆರ್‌ಎಫ್‌ಗೆ 20 ಎಂಎಂ, ನಿಕಾನ್ ಝಡ್‌ಗೆ 16 ಎಂಎಂ ಅಷ್ಟೇ. ಅದಕ್ಕೆ ತಕ್ಕಂತೆ 2023ರಲ್ಲಿ ಬಂದ ಪ್ಯಾನ್‌ಕೇಕ್‌ಗಳೂ 28 ಮತ್ತು 26 ಎಂಎಂಗೆ ಇಳಿದಿವೆ.

ಇನ್ನೊಂದು ಗುಟ್ಟು ಎಫ್/2.8. 40ನ್ನು 2.8ರಿಂದ ಭಾಗಿಸಿದರೆ ಬೆಳಕಿನ ಕಿಂಡಿ ಸುಮಾರು 14 ಎಂಎಂ ಅಗಲ. ಎಫ್/1.4 ಬೇಕು ಅಂದರೆ ಅದು 28 ಎಂಎಂ ದಾಟುತ್ತದೆ, ಗಾಜು ದಪ್ಪವಾಗುತ್ತದೆ, ತೆಳುವಿನ ಆಸೆ ಬಿಡಬೇಕು. ಹಿನ್ನೆಲೆ ಪೂರ್ತಿ ಕರಗಬೇಕು ಅನ್ನುವವರು 50 ಎಂಎಂ ಎಫ್/1.8 ತಗೊಳ್ಳಲಿ. ಅದೂ 160 ಗ್ರಾಂ ಅಷ್ಟೇ.

ಬಳಕೆಗೆ ಬರೋಣ. ದೊಡ್ಡ ಝೂಮ್ ಹಿಡಿದರೆ ಮಾರ್ಕೆಟ್‌ನಲ್ಲಿ ಜನ ಮಾತು ನಿಲ್ಲಿಸಿ ನೇರ ಕೂರುತ್ತಾರೆ. 40 ಎಂಎಂ ಹಾಕಿಕೊಂಡು ಕೆ.ಆರ್. ಮಾರ್ಕೆಟ್‌ಗೆ ಬೆಳಗ್ಗೆ ಹೋದಾಗ ಹೂ ಕಟ್ಟುತ್ತಿದ್ದ ಅಜ್ಜಿಯೊಬ್ಬರನ್ನು ಕೇಳಿದೆ, "ತಗೋ ಮಗಾ" ಅಂದು ಕೈ ಕೆಲಸ ಮುಂದುವರಿಸಿದರು. ಈ ಲೆನ್ಸ್ 30 ಸೆಂಟಿಮೀಟರ್‌ವರೆಗೆ ಹತ್ತಿರ ಹೋಗುತ್ತದೆ. ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಬಾಡಿಯಲ್ಲಿ ಆಗ ಚಿತ್ರದಲ್ಲಿ ಹಿಡಿಯುವುದು ಸುಮಾರು 20 ಸೆಂಟಿಮೀಟರ್ ಅಗಲ, 13 ಸೆಂಟಿಮೀಟರ್ ಎತ್ತರ. ಎರಡು ಕೈ, ನಡುವೆ ಬಾಳೆನಾರು, ನಾಲ್ಕು ಮಲ್ಲಿಗೆ ಮೊಗ್ಗು, ಅಷ್ಟಕ್ಕೇ ಫ್ರೇಮ್ ತುಂಬಿತು. ಎಪಿಎಸ್-ಸಿ, ಅಂದರೆ ಅದಕ್ಕಿಂತ ಚಿಕ್ಕ ಸೆನ್ಸರ್‌ನ ಬಾಡಿ ಇರುವವರಿಗೆ 24 ಎಂಎಂ ಎಫ್/2.8 ಎಸ್‌ಟಿಎಂ ಇನ್ನೂ ಒಳ್ಳೆಯದು, ಅದು 16 ಸೆಂಟಿಮೀಟರ್‌ವರೆಗೆ ಹೋಗುತ್ತದೆ. ಎಪಿಎಸ್-ಸಿಯಲ್ಲಿ 40 ಎಂಎಂ ಹಾಕಿದರೆ 64 ಎಂಎಂನಂತೆ ಕಾಣುತ್ತದೆ, ಮನೆಯೊಳಗೆ ಇಕ್ಕಟ್ಟು.

ಕೊರತೆ ಇಲ್ಲ ಅಂತಲ್ಲ. ಎಫ್/2.8ರಲ್ಲಿ ಮೂಲೆಗಳು ಕಪ್ಪಾಗುತ್ತವೆ, ಎಫ್/4ಕ್ಕೆ ಇಳಿಸಿದರೆ ತುಂಬಾ ಸುಧಾರಿಸುತ್ತದೆ. ಅಲುಗಾಟ ತಡೆಯುವ ವ್ಯವಸ್ಥೆ ಲೆನ್ಸ್‌ನಲ್ಲಿಲ್ಲ, ಮಬ್ಬು ಬೆಳಕಲ್ಲಿ ಶಟರ್ ವೇಗದ ಮೇಲೆ ಕಣ್ಣಿಡಿ. ಎಡಗೈ ಇಡಲು ಜಾಗವೂ ಇಲ್ಲ, ಬಾಡಿಯ ತಳವನ್ನು ಅಂಗೈಯಲ್ಲಿ ಹೊತ್ತುಕೊಳ್ಳಿ, ಬೆರಳು ಚಿತ್ರದಲ್ಲಿ ಬರದಂತೆ ಹಿಂದಕ್ಕೆ ಮಡಚಿ.

ಫೋಕಸ್ ಉಂಗುರ ಮೋಟಾರ್ ಮೂಲಕ ಕೆಲಸ ಮಾಡುವುದರಿಂದ ಕ್ಯಾಮೆರಾ ಆಫ್ ಆಗಿದ್ದಾಗ ತಿರುಗಿಸಿದರೂ ಫೋಕಸ್ ಬದಲಾಗದು. ಹತ್ತಿರದ ಫೋಟೋ ತೆಗೆದ ಮೇಲೆ ಮುಂಭಾಗ ಹೊರಗೆ ಚಾಚಿಕೊಂಡೇ ಉಳಿದಿರಬಹುದು. ಅದನ್ನು ಕೈಯಿಂದ ಒತ್ತಬೇಡಿ. ಆಫ್ ಮಾಡುವ ಮುಂಚೆ ದೂರದ ಯಾವುದಾದರೂ ಗೋಡೆಗೋ ಮರಕ್ಕೋ ಒಮ್ಮೆ ಫೋಕಸ್ ಮಾಡಿ, ಅದು ಒಳಗೆ ಹೋಗುತ್ತದೆ, ಆಮೇಲೆ ಬ್ಯಾಗಿಗೆ ಹಾಕಿ.