‘ತ್ರಾಕ್ಸಿಯೋಂ ಅವಾಂ’ ಅಂದರೆ ಹಿಡಿತವಲ್ಲ, ಎಳೆತ

ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯ 1934ರ ಕಾರಿನ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಅದರ ಹೆಸರಾದ ‘ತ್ರಾಕ್ಸಿಯೋಂ ಅವಾಂ’ಗೆ (Traction Avant) ‘ಸುಧಾರಿತ ಹಿಡಿತ’ ಅಂತ ಅರ್ಥ ಹೇಳುತ್ತಾರೆ. ಮೊನ್ನೆ ಒಂದು ವಿಡಿಯೊದಲ್ಲಿ ಮತ್ತೆ ಅದೇ ಕೇಳಿದೆ. ಎರಡು ಪದ, ಎರಡೂ ತಪ್ಪು.

ಮೊದಲ ಪದದ ಲ್ಯಾಟಿನ್ ಬೇರಿಗೆ ‘ಎಳೆ’ ಅಂತ ಅರ್ಥ. ನಮ್ಮ ಹೊಲದ ಟ್ರ್ಯಾಕ್ಟರ್ ಅದೇ ಬೇರಿನದು, ನೇಗಿಲು ಎಳೆಯುತ್ತದಲ್ವಾ? ಕಾಲು ಮುರಿದವರಿಗೆ ಆಸ್ಪತ್ರೆಯಲ್ಲಿ ತೂಕ ಕಟ್ಟಿ ‘ಟ್ರ್ಯಾಕ್ಷನ್ ಹಾಕಿದ್ದಾರೆ’ ಅನ್ನುತ್ತೇವೆ. ಅಲ್ಲೂ ನಡೆಯುವುದು ಎಳೆಯುವ ಕೆಲಸವೇ. ಟೈರಿಗೂ ರಸ್ತೆಗೂ ನಡುವಿನ ಹಿಡಿತಕ್ಕೆ ಇಂಗ್ಲಿಷಿನಲ್ಲಿ ಇದೇ ಪದ ಬಳಸುವುದರಿಂದ ಈ ಗೊಂದಲ. ಫ್ರೆಂಚರು ಕಾರಿನ ಬಗ್ಗೆ ಮಾತಾಡುವಾಗ ಬೇರೆಯೇ ಲೆಕ್ಕ ಇಡುತ್ತಾರೆ. ಎಂಜಿನ್ ಮುಂದಿನ ಚಕ್ರ ತಿರುಗಿಸಿದರೆ ‘ತ್ರಾಕ್ಸಿಯೋಂ’, ಹಿಂದಿನದನ್ನು ತಿರುಗಿಸಿದರೆ ‘ಪ್ರೊಪುಲ್ಸಿಯೋಂ’, ಅಂದರೆ ತಳ್ಳುವುದು. ಒಂದು ಎತ್ತಿನ ಗಾಡಿ, ಇನ್ನೊಂದು ತಳ್ಳುಗಾಡಿ. ಇದಕ್ಕಿಂತ ಸುಲಭವಾಗಿ ಹೇಳಲು ನನಗಂತೂ ಬರುವುದಿಲ್ಲ.

‘ಅವಾಂ’ನಲ್ಲಿ ‘ಸುಧಾರಿತ’ ಎಲ್ಲಿಂದ ಬಂತೋ! ಅದು ನಮ್ಮ ‘ಮುನ್’ ಇದ್ದ ಹಾಗೆ. ನಮಗೆ ಅದರಿಂದಲೇ ‘ಮುಂದೆ’ಯೂ ಬರುತ್ತದೆ, ‘ಮುಂಚೆ’ಯೂ ಬರುತ್ತದೆ. ಫ್ರೆಂಚಿನಲ್ಲೂ ಜಾಗಕ್ಕೂ ಕಾಲಕ್ಕೂ ಒಂದೇ ಪದ. ಇಲ್ಲಿ ಜಾಗದ ಅರ್ಥ. ಒಟ್ಟಿಗೆ ಓದಿದರೆ ‘ಮುಂದಿನಿಂದ ಎಳೆತ’, ಅಷ್ಟೇ. Avant ಪದದ ಕೊನೆಯ ‘ಟ್’ ಉಚ್ಚರಿಸಬೇಡಿ.

ಇನ್ನು ‘ಜಗತ್ತಿನ ಮೊದಲ ಫ್ರಂಟ್ ವೀಲ್ ಡ್ರೈವ್ ಕಾರು’ ಅನ್ನುವವರಿಗೆ. ಅಲ್ಲ. ಫ್ರಾನ್ಸಿನಲ್ಲೇ ತ್ರಾಕ್ತಾ ಇತ್ತು, ಅಮೆರಿಕದಲ್ಲಿ 1929ರ ಕಾರ್ಡ್ (Cord) ಎಂಬ ಕಾರು, ಜರ್ಮನಿಯಲ್ಲಿ 1931ರ ಡಿಕೆಡಬ್ಲ್ಯೂ. ಸಿಟ್ರೊಯೆನ್‌ನ ಹೆಚ್ಚುಗಾರಿಕೆ ಬೇರೆ. ಮುಂದಿನ ಎಳೆತ, ಪ್ರತ್ಯೇಕ ಚಾಸಿ (ಕೆಳಗಿನ ಚೌಕಟ್ಟು) ಇಲ್ಲದ ಒಂದೇ ಉಕ್ಕಿನ ಒಡಲು, ದ್ರವದ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಬ್ರೇಕ್, ತಿರುಚಿಕೊಳ್ಳುವ ಉಕ್ಕಿನ ಸರಳು ಕುಲುಕಾಟ ತಡೆಯುವ ಟಾರ್ಷನ್ ಬಾರ್ ಸಸ್ಪೆನ್ಷನ್, ಇಷ್ಟನ್ನೂ ಒಂದೇ ಕಾರಿಗೆ ತುಂಬಿ ಲಕ್ಷಗಟ್ಟಲೆ ಮಾರಿತು. ಎಂಜಿನಿಯರ್ ಹೆಸರು ಆಂದ್ರೆ ಲೆಫೆವ್ರ್. ಆಕಾರ ಕೊಟ್ಟದ್ದು ಶಿಲ್ಪಿ ಫ್ಲಾಮಿನಿಯೊ ಬೆರ್ತೋನಿ. ಗೇರ್‌ಬಾಕ್ಸ್ ಮೂತಿಯಲ್ಲಿ, ಅದರ ಹಿಂದೆ ಎಂಜಿನ್. ಹಾಗಾಗಿ ಗೇರ್ ಕಡ್ಡಿ ನೆಲದಿಂದಲ್ಲ, ಡ್ಯಾಶ್‌ಬೋರ್ಡಿನಿಂದ ಹೊರಗೆ ಚಾಚಿದೆ. ಹಿಂದಿನ ಚಕ್ರಕ್ಕೆ ಹೋಗುವ ಉದ್ದನೆಯ ಶಾಫ್ಟ್ ಇಲ್ಲ, ನೆಲ ಚಪ್ಪಟೆ. ಅಂಬಾಸಿಡರ್‌ನ ಹಿಂದಿನ ಸೀಟಿನಲ್ಲಿ ನಡುವೆ ಕೂತು, ಆ ದಿಬ್ಬದ ಆಚೆಗೊಂದು ಈಚೆಗೊಂದು ಕಾಲಿಟ್ಟು ಹೋದವರಿಗೆ ಇದರ ಬೆಲೆ ಗೊತ್ತು.

ಇದನ್ನೆಲ್ಲ ಹೊಸದಾಗಿ ರೂಪಿಸಿದ ಖರ್ಚು ಕಂಪನಿಯನ್ನು ಮುಳುಗಿಸಿತು. 1934ರ ಕೊನೆಗೆ ದಿವಾಳಿ. ಅದಕ್ಕೆ ದೊಡ್ಡ ಸಾಲ ಕೊಟ್ಟಿದ್ದ ಟೈರ್ ಕಂಪನಿ ಮಿಶೆಲಿನ್, ಸಿಟ್ರೊಯೆನ್ ಅನ್ನು ವಹಿಸಿಕೊಂಡಿತು. ಕಂಪನಿ ಕಟ್ಟಿದ ಆಂದ್ರೆ ಸಿಟ್ರೊಯೆನ್ 1935ರ ಜುಲೈನಲ್ಲಿ ತೀರಿಕೊಂಡರು. ಕಾರು ಮಾತ್ರ 1957ರವರೆಗೆ ತಯಾರಾಯಿತು.

ಹೆಸರಿನ ಇನ್ನೊಂದು ಅವಾಂತರ, ಈ ಕಾರಿನ ‘11 ಸಿವಿ’ ಮಾದರಿ. ‘ಸಿವಿ’ ಅಂದರೆ ಫ್ರೆಂಚಿನಲ್ಲಿ ಕುದುರೆ ಶಕ್ತಿಯ ಗುರುತು. ‘ಬರೀ 11 ಕುದುರೆ ಶಕ್ತಿಯ ಬಡಪಾಯಿ ಎಂಜಿನ್’ ಅಂತ ಒಬ್ಬರು ಬರೆದಿದ್ದರು. ಇವು ತೆರಿಗೆ ಕುದುರೆಗಳು! ಎಂಜಿನ್‌ನ ಅಳತೆಯ ಮೇಲೆ ಸರ್ಕಾರ ಲೆಕ್ಕ ಹಾಕುತ್ತಿದ್ದ ಅಂಕಿ ಅದು. 1911 ಸಿಸಿಯ ಆ ಎಂಜಿನ್ ಶುರುವಿನಲ್ಲೇ ಕೊಡುತ್ತಿದ್ದದ್ದು ಸುಮಾರು 46 ನಿಜವಾದ ಕುದುರೆ. 1938ರಲ್ಲಿ ಆರು ಸಿಲಿಂಡರಿನ ‘15-ಸಿಕ್ಸ್’ ಬಂತು, 77 ಕುದುರೆ. ಅದರ ಹೆಸರಿನಲ್ಲಿ 15 ಇದ್ದರೂ ತೆರಿಗೆ ಲೆಕ್ಕದಲ್ಲಿ ಅದು 16.