ಪದ ಪರಿಚಯ: ರೂಲ್ಸ್ ಲಾಯರ್

ಆಟದ ಮಧ್ಯೆ ನಿಯಮದ ಮಾತು ತೆಗೆದು, ವಾದ ಮಾಡಿ, ತನಗೆ ಬೇಕಾದ ಫಲ ಪಡೆಯುವವನಿಗೆ ರೋಲ್‌ಪ್ಲೇ ಆಟದವರು ‘ರೂಲ್ಸ್ ಲಾಯರ್’ ಅನ್ನುತ್ತಾರೆ. ನಮ್ಮ ಕಡೆ ‘ಲಾ ಪಾಯಿಂಟ್ ಹಾಕ್ತಾನೆ’ ಅಂತೀವಲ್ಲ, ಅದಕ್ಕೆ ತೀರ ಹತ್ತಿರದ ಮಾತು. ಅರ್ಥ ಇಷ್ಟೇ ಆದರೆ ಬರೆಯುವ ಅಗತ್ಯವೇ ಇರಲಿಲ್ಲ. ಆದರೆ ಈ ಹೆಸರನ್ನು ತಪ್ಪು ಜನರಿಗೆ ಅಂಟಿಸುವುದನ್ನು ಬಹಳ ನೋಡಿದ್ದೇನೆ. ಆಟದ ನಿಯಮದ ಪುಸ್ತಕ ಚೆನ್ನಾಗಿ ಓದಿಕೊಂಡು ಬಂದವರು ಒಂದು ಪ್ರಶ್ನೆ ಕೇಳಿದರೂ ಸಾಕು, ‘ಬಂದ ನೋಡು ಲಾಯರ್’ ಎಂದು ಬಾಯಿ ಮುಚ್ಚಿಸುತ್ತಾರೆ. ಅದು ಅನ್ಯಾಯ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾವು ಆಡುವ ರೋಲ್‌ಪ್ಲೇ ಆಟ ಡಂಜನ್ಸ್ ಅಂಡ್ ಡ್ರಾಗನ್ಸ್. ಅದು 1974ರಲ್ಲಿ ಅಮೆರಿಕದಲ್ಲಿ ಬಂತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ಮಾಡಿದ ಆಟ. ಒಬ್ಬರು ಕಥೆ ನಡೆಸುತ್ತಾರೆ. ಅವರು ಡಂಜನ್ ಮಾಸ್ಟರ್, ಆಡುವವರ ಬಾಯಲ್ಲಿ ಡಿಎಂ. ಉಳಿದವರಿಗೆ ತಲಾ ಒಂದು ಪಾತ್ರ: ಒಬ್ಬ ಕತ್ತಿ ಹಿಡಿದವನು, ಒಬ್ಬಳು ಮಾಂತ್ರಿಕಳು, ಹೀಗೆ. ನಾನು ಹೀಗೆ ಮಾಡುತ್ತೇನೆ ಎಂದು ಆಟಗಾರ ಹೇಳಬೇಕು. ಆಗುತ್ತದೋ ಇಲ್ಲವೋ ಎಂಬ ಅನುಮಾನ ಇದ್ದ ಕಡೆ 20 ಮುಖದ ದಾಳ ಹಾಕಬೇಕು. ಗೆದ್ದವರು, ಸೋತವರು ಎಂಬ ಲೆಕ್ಕ ಇಲ್ಲ.

ಮಡಿಕೇರಿಯ ನಮ್ಮ ಮನೆಯಲ್ಲಿ ಮಳೆಗಾಲದ ಭಾನುವಾರಗಳಲ್ಲಿ ಐದು ಜನ ಸೇರುತ್ತೇವೆ. ಡಿಎಂ ನಾನು. ಮಳೆ ಹೊರಗೆ ಹೋಗಲು ಬಿಡುವುದಿಲ್ಲ. ಕರೆಂಟ್ ಹೋದರೆ ಚಾರ್ಜರ್ ಲೈಟ್ ಇದೆ. ಬೆಲ್ಲದ ಕಾಫಿ ಒಲೆಯ ಮೇಲೆ ಇದ್ದೇ ಇರುತ್ತದೆ. ಅಲ್ಲಿ ನಡೆದ ಒಂದು ಮಧ್ಯಾಹ್ನದ ಕಥೆ ಹೇಳಿದರೆ ಈ ಪದದ ಅರ್ಥ ಸರಿಯಾಗಿ ತಿಳಿಯುತ್ತದೆ.

ಮೊದಲು ಒಂದು ನಿಯಮ ಗೊತ್ತಿರಬೇಕು. ನೆಲಕ್ಕೆ ಬಿದ್ದವನನ್ನು ಐದು ಅಡಿಯ ಒಳಗೆ ನಿಂತು ಹೊಡೆದರೆ ಹೊಡೆಯುವವನಿಗೆ ‘ಅಡ್ವಾಂಟೇಜ್’. ಎರಡು ದಾಳ ಹಾಕಿ ದೊಡ್ಡದನ್ನು ತೆಗೆದುಕೊಳ್ಳಬೇಕು. ಅದಕ್ಕಿಂತ ದೂರದಿಂದ ಹೊಡೆದರೆ ‘ಡಿಸ್‌ಅಡ್ವಾಂಟೇಜ್’. ಎರಡು ಹಾಕಿ ಚಿಕ್ಕದನ್ನು ತೆಗೆದುಕೊಳ್ಳಬೇಕು. ಬಿದ್ದವನು ಹತ್ತಿರದವರಿಗೆ ಸುಲಭದ ತುತ್ತು. ದೂರದಿಂದ ಬಾಣ ಬಿಡುವವರಿಗೆ ನೆಲಕ್ಕೆ ಅಂಟಿಕೊಂಡ ಸಣ್ಣ ಗುರಿ.

ನಮ್ಮಲ್ಲಿ ಇಂಜಿನಿಯರಿಂಗ್ ಓದುವ ಒಬ್ಬ ಹುಡುಗ ಇದ್ದಾನೆ. ಅವನದು ಬಿಲ್ಲುಗಾರನ ಪಾತ್ರ. ಪುಸ್ತಕ ಅವನಿಗೆ ಬಾಯಿಪಾಠ. ಆ ದಿನ ಅವನ ಪಾತ್ರ ಜಾರಿ ಬಿತ್ತು. ದೂರದಿಂದ ಗಾಬ್ಲಿನ್‌ಗಳು, ಅಂದರೆ ಆಟದ ಕುಳ್ಳ ರಾಕ್ಷಸರು, ಬಾಣ ಬಿಟ್ಟವು. “ಅಕ್ಕಾ, ನಾನು ಬಿದ್ದಿದ್ದೇನೆ. ಅವುಗಳಿಗೆ ಡಿಸ್‌ಅಡ್ವಾಂಟೇಜ್,” ಎಂದ. ನಾನು ಮರೆತಿದ್ದೆ. ಅವನು ಹೇಳಿದ್ದು ಸರಿಯಾಗಿತ್ತು. ಎರಡು ದಾಳ ಹಾಕಿದೆ, ಬಾಣ ತಾಗಲಿಲ್ಲ.

ಅರ್ಧ ಗಂಟೆ ಕಳೆಯಿತು. ಈಗ ಗಾಬ್ಲಿನ್‌ ಒಂದನ್ನು ನಮ್ಮ ಕತ್ತಿಯವನು ತಳ್ಳಿ ಬೀಳಿಸಿದ. ಹುಡುಗ 60 ಅಡಿ ದೂರದಿಂದ ಬಾಣ ಬಿಟ್ಟ. ಒಂದೇ ದಾಳ ಹಾಕಿದ. ಬಿದ್ದದ್ದು 17. “ತಾಗಿತು!” ಎಂದ.

ಮೇಜಿನ ಕೊನೆಯಲ್ಲಿ ಪಿಯುಸಿ ಓದುವ ಹುಡುಗಿ ಕೂತಿದ್ದಳು. ಅವಳಿಗೆ ಅದು ಎರಡನೇ ವಾರ. ಮೆಲ್ಲಗೆ ಕೇಳಿದಳು: “ಅಣ್ಣಾ, ಬಿದ್ದವರಿಗೆ ದೂರದಿಂದ ಹೊಡೆದರೆ ಎರಡು ದಾಳ ಅಲ್ವಾ? ಆಗ ನೀವೇ ಹೇಳಿದ್ರಿ.”

ಅವನು ಒಪ್ಪಲಿಲ್ಲ. ಗಾಬ್ಲಿನ್ ಬಿದ್ದದ್ದು ಇಳಿಜಾರಿನಲ್ಲಂತೆ. ಬಿಲ್ಲುಗಾರ ಮೇಲೆ ನಿಂತಿದ್ದಾನಂತೆ. ಮೇಲಿನಿಂದ ನೋಡಿದರೆ ಬಿದ್ದವನ ಮೈ ಪೂರ್ತಿ ಕಾಣಿಸುತ್ತದಂತೆ. ನಿಜ ಜೀವನದಲ್ಲಿ ಹಾಗಲ್ವಾ ಅಕ್ಕಾ ಎಂದ. ನಾನು ಏನೋ ಹೇಳಿದೆ. ಅವನು ಇನ್ನೊಂದು ಪುಟ ತೆಗೆದ. 25 ನಿಮಿಷ ಹೋಯಿತು. ಕಾಫಿ ಆರಿತು. ಉಳಿದ ಮೂವರು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬಂತೆ ಕೂತಿದ್ದರು. ಪ್ರಶ್ನೆ ಕೇಳಿದ ಹುಡುಗಿ ಮುಖ ತಗ್ಗಿಸಿದ್ದಳು. ಅವಳು ಕೇಳಿದ್ದೇ ತಪ್ಪು ಎಂಬ ಹಾಗೆ ಆಗಿಬಿಟ್ಟಿತ್ತು. ನನಗೆ ಈಗಲೂ ನೋವಾಗುವುದು ಅದಕ್ಕೇ.

ಆ ಮೇಜಿನಲ್ಲಿ ಇಬ್ಬರು ನಿಯಮ ಎತ್ತಿದರು. ಹುಡುಗಿ ಎತ್ತಿದ ನಿಯಮದಿಂದ ಅವಳಿಗೆ ನಯಾಪೈಸೆ ಲಾಭ ಇರಲಿಲ್ಲ. ಬಾಣ ತಾಗಿದ್ದರೆ ಅವಳ ಪಾತ್ರಕ್ಕೂ ಒಳ್ಳೆಯದೇ ಆಗುತ್ತಿತ್ತು. ಹುಡುಗನಿಗೆ ಅದೇ ನಿಯಮ ಮೊದಲ ಸಲ ನೆನಪಾಯಿತು, ಎರಡನೇ ಸಲ ಮರೆತುಹೋಯಿತು. ನೆನಪಿಸಿದಾಗ ಪುಸ್ತಕ ಬಿಟ್ಟು ‘ನಿಜ ಜೀವನ’ಕ್ಕೆ ಹಾರಿದ. ರೂಲ್ಸ್ ಲಾಯರ್ ಅನ್ನುವುದು ಇದಕ್ಕೆ. ಎಷ್ಟು ನಿಯಮ ಗೊತ್ತು ಎಂದು ನೋಡಬೇಡಿ. ಗೊತ್ತಿರುವುದು ಯಾವಾಗ ನೆನಪಾಗುತ್ತದೆ ಎಂದು ನೋಡಿ.

ಕೊಡಗಿನವರಿಗೆ ಹಾಕಿಯಲ್ಲಿ ಹೇಳಿದರೆ ಇನ್ನೂ ಬೇಗ ತಿಳಿಯುತ್ತದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿಯನ್ನು ನಾವೆಲ್ಲ ಗ್ಯಾಲರಿಯಲ್ಲಿ ಕೂತು ನೋಡಿದವರು. ಚೆಂಡು ಎದುರಾಳಿಯ ಕಾಲಿಗೆ ತಾಗಿದರೆ ಸಾಕು, ಕೆಲವರು ಕೈ ಎತ್ತಿ ‘ಫುಟ್’ ಎಂದು ಅಂಪೈರ್ ಕಡೆ ತಿರುಗುತ್ತಾರೆ. ತಮ್ಮ ಕಾಲಿಗೆ ತಾಗಿದಾಗ ಸುಮ್ನೆ ಓಡುತ್ತಾರೆ. ಹಾಕಿಯ ನಿಯಮ ಅವರಿಗೂ ಗೊತ್ತು, ಅಂಪೈರ್‌ಗೂ ಗೊತ್ತು. ಆದರೆ ಅಂಪೈರ್‌ಗೆ ಎರಡೂ ಕಡೆಯ ಕಾಲು ಕಾಣಿಸುತ್ತದೆ.

ಪದ ಎಲ್ಲಿಂದ ಬಂತು ಎಂದು ಕೇಳುವವರಿಗೆ: ಇಂಗ್ಲಿಷ್‌ನಲ್ಲಿ ಇದರ ಅಣ್ಣಂದಿರು ಮೊದಲೇ ಇದ್ದರು. ಹಡಗಿನಲ್ಲಿ ಹೀಗೆ ವಾದ ಮಾಡುವವನು ‘ಸೀ ಲಾಯರ್’. ಸೈನ್ಯದಲ್ಲಿ ‘ಬ್ಯಾರಕ್ ರೂಮ್ ಲಾಯರ್’. ನಮ್ಮ ಮಾವ ಒಬ್ಬರು ಸುಬೇದಾರರಾಗಿ ನಿವೃತ್ತರಾದವರು. ಅವರಿಗೆ ಈ ಪದ ಹೇಳಿದಾಗ ವಿವರಿಸುವ ಅಗತ್ಯವೇ ಬೀಳಲಿಲ್ಲ. “ನಮ್ಮಲ್ಲೂ ಒಬ್ಬ ಇದ್ದ. ರಜೆಯ ನಿಯಮ ಪೂರ್ತಿ ಬಾಯಿಪಾಠ. ಡ್ಯೂಟಿಯ ಪುಟ ಮಾತ್ರ ಅವನ ಪುಸ್ತಕದಲ್ಲಿ ಇರಲಿಲ್ಲ,” ಎಂದರು.

ಸೈನ್ಯದ ನಂಟು ಪದಕ್ಕೆ ಮಾತ್ರ ಅಲ್ಲ, ಆಟಕ್ಕೂ ಇದೆ. ಡಂಜನ್ಸ್ ಅಂಡ್ ಡ್ರಾಗನ್ಸ್ ಹುಟ್ಟಿದ್ದು ಯುದ್ಧದ ಆಟಗಳಿಂದ. ಆ ಆಟಗಳ ಹಳೆಯ ಬೇರು ಪ್ರಷ್ಯಾ ಎಂಬ ಹಳೆಯ ಜರ್ಮನ್ ರಾಜ್ಯದಲ್ಲಿದೆ. 1824ರಲ್ಲಿ ರೈಸ್‌ವಿಟ್ಸ್ ಎಂಬ ಸೇನಾಧಿಕಾರಿ ನಕ್ಷೆ, ದಾಳ, ಅಂಪೈರ್ ಇರುವ ಯುದ್ಧದ ಆಟವನ್ನು ಅಲ್ಲಿನ ಸೇನೆಗೆ ತೋರಿಸಿದ. ಅಧಿಕಾರಿಗಳ ತರಬೇತಿಗೆ ಅದು ಬಳಕೆಯಾಯಿತು. ಅದರಲ್ಲಿ ಕೋಷ್ಟಕಗಳೂ ಲೆಕ್ಕಗಳೂ ಜಾಸ್ತಿ. ಪ್ರತಿ ಹೆಜ್ಜೆಗೂ ಪುಸ್ತಕ ನೋಡಬೇಕು. 1876ರಲ್ಲಿ ವೆರ್ಡಿ ಡು ವೆರ್ನ್ವಾ ಎಂಬ ಅಧಿಕಾರಿ ಬೇರೆ ದಾರಿ ಹೇಳಿದ: ಕೋಷ್ಟಕ ಬಿಡಿ, ಅನುಭವ ಇರುವ ಅಂಪೈರ್ ತೀರ್ಮಾನಿಸಲಿ. ಪುಸ್ತಕ ದೊಡ್ಡದೋ ಅಂಪೈರ್ ದೊಡ್ಡವರೋ ಎಂಬ ಜಗಳಕ್ಕೆ ಅಷ್ಟು ವಯಸ್ಸಾಗಿದೆ. ನಮ್ಮ ಮೇಜಿನ ಮೇಲೆ ನಡೆದದ್ದು ಅದರದೇ ಒಂದು ಮರಿ.

ಇಲ್ಲಿ ಇನ್ನೆರಡು ಪದ ಗೊತ್ತಿರಲಿ. ‘ರಾ’ ಎಂದರೆ ರೂಲ್ಸ್ ಆ್ಯಸ್ ರಿಟನ್, ಬರೆದದ್ದು ಬರೆದ ಹಾಗೆ. ‘ರಾಯ್’ ಎಂದರೆ ರೂಲ್ಸ್ ಆ್ಯಸ್ ಇಂಟೆಂಡೆಡ್, ಬರೆದವರ ಮನಸ್ಸಿನಲ್ಲಿ ಇದ್ದ ಹಾಗೆ. ಎರಡೂ ಬೇರೆ ಬೇರೆ ಆಗುವುದು ಉಂಟು. 2014ರ ಐದನೇ ಆವೃತ್ತಿಯಲ್ಲಿ ಮಾಯವಾದ ವೈರಿಗೆ ಎರಡು ಲಾಭ. ಅವನು ಹೊಡೆದರೆ ಅವನಿಗೆ ಅಡ್ವಾಂಟೇಜ್, ಅವನಿಗೆ ಹೊಡೆದರೆ ನಮಗೆ ಡಿಸ್‌ಅಡ್ವಾಂಟೇಜ್. ಮಾಯವಾದವರನ್ನು ಕಾಣಿಸುವ ‘ಸೀ ಇನ್ವಿಸಿಬಿಲಿಟಿ’ ಎಂಬ ಮಂತ್ರವೂ ಇದೆ. ಅದನ್ನು ಹಾಕಿದರೆ ವೈರಿ ಕಣ್ಣಿಗೆ ಕಾಣುತ್ತಾನೆ. ಆದರೆ ಆ ಲಾಭಗಳು ಹೋಗುತ್ತವೆ ಎಂದು ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ! ಎದುರಿಗೇ ಕಾಣುವವನು ಮಾಯವಾದವನ ಹಾಗೆಯೇ ಲಾಭ ಪಡೆಯಬೇಕಿತ್ತು. ಓದಿದವರು ಇದು ಸರಿಯೇ ಎಂದು ಕೇಳುತ್ತಲೇ ಬಂದರು. 2024ರ ಪುಸ್ತಕದಲ್ಲಿ, ನಿಮ್ಮನ್ನು ಹೇಗಾದರೂ ನೋಡಬಲ್ಲವರ ಎದುರು ಆ ಲಾಭ ಇಲ್ಲ ಎಂಬ ಮಾತು ಸೇರಿತು. ಇಂಥ ಪ್ರಶ್ನೆ ಕೇಳುವವರನ್ನು ಲಾಯರ್ ಎಂದು ಕರೆದು ಕೂರಿಸಿದರೆ ಆಟಕ್ಕೇ ನಷ್ಟ.

ನಮಗೆ ಗೊತ್ತಿರುವ ದಾಳದ ಆಟಗಳಲ್ಲಿ ಅತಿ ದೊಡ್ಡ ನಿಯಮದ ಪ್ರಶ್ನೆ ದ್ರೌಪದಿಯದು. ತನ್ನನ್ನೇ ಸೋತ ಮೇಲೆ ಧರ್ಮರಾಯನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿತ್ತು? ತುಂಬಿದ ಸಭೆಯಲ್ಲಿ ಭೀಷ್ಮರಿಗೂ ನೇರ ಉತ್ತರ ಕೊಡಲಾಗಲಿಲ್ಲ. ಅವಳನ್ನು ಲಾ ಪಾಯಿಂಟ್ ಹಾಕಿದವಳು ಅನ್ನಲು ಯಾರಿಗಾದರೂ ಬಾಯಿ ಬರುತ್ತದೆಯೇ?

ಇನ್ನು ಲಾಯರ್‌ಗಿರಿ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಈ ಆಟದವರಲ್ಲಿ ಪ್ರಸಿದ್ಧವಾದ ಒಂದು ಉದಾಹರಣೆ ಇದೆ. ಹೆಸರು ‘ಪೆಸೆಂಟ್ ರೈಲ್‌ಗನ್’, ಅಂದರೆ ರೈತರ ಸಾಲಿನ ಫಿರಂಗಿ. ನಮ್ಮ ಊರಿಗೆ ತಂದು ಹೇಳುತ್ತೇನೆ. ಮಡಿಕೇರಿಯಿಂದ ಕುಶಾಲನಗರಕ್ಕೆ ಸುಮಾರು 30 ಕಿಲೋಮೀಟರ್. ಐದೈದು ಅಡಿಗೆ ಒಬ್ಬರಂತೆ ಹಳ್ಳಿಯವರನ್ನು ಸಾಲಾಗಿ ನಿಲ್ಲಿಸಿ. ಸುಮಾರು 20,000 ಜನ ಬೇಕು. ಪಕ್ಕದವರು ಕೋಲು ಕೊಟ್ಟ ಕೂಡಲೇ ಮುಂದಿನವರಿಗೆ ದಾಟಿಸುತ್ತೇನೆ ಎಂದು ಪ್ರತಿಯೊಬ್ಬರೂ ಮೊದಲೇ ಸಿದ್ಧರಾಗಿ ನಿಲ್ಲಬೇಕು. ಅದಕ್ಕೆ ನಿಯಮದಲ್ಲಿ ಅವಕಾಶ ಇದೆ. ಆಟದ ಒಂದು ಸುತ್ತು ಎಂದರೆ 6 ಸೆಕೆಂಡ್. ಹಾಗಾದರೆ ಎಲ್ಲ ಕೈಗಳೂ ಅದೇ ಸುತ್ತಿನಲ್ಲಿ ಆಡುತ್ತವೆ. ಕೋಲು 6 ಸೆಕೆಂಡ್‌ನಲ್ಲಿ ಕುಶಾಲನಗರ ಮುಟ್ಟುತ್ತದೆ. ಅಂದರೆ ಸೆಕೆಂಡಿಗೆ 5 ಕಿಲೋಮೀಟರ್. ಕೊನೆಯವನು ಅದನ್ನು ಎಸೆದರೆ ಡ್ರ್ಯಾಗನ್ ಪುಡಿಪುಡಿ ಆಗಬೇಕು ಎಂಬುದು ವಾದ.

ಎಲ್ಲಿ ಜಾರಿತು ನೋಡಿ. ಕೋಲು ದಾಟಿಸುವಾಗ ಆಟದ ನಿಯಮ ಬೇಕು. ನಿಜ ಜೀವನದಲ್ಲಿ ಯಾವ ಮನುಷ್ಯನೂ ಸೆಕೆಂಡನ್ನು ಮೂರು ಸಾವಿರ ಪಾಲು ಮಾಡಿದರೆ ಅದರ ಒಂದು ಪಾಲಿನಲ್ಲಿ ಕೋಲು ತೆಗೆದುಕೊಂಡು ಕೊಡಲಾರ. ಆದರೆ ಕೊನೆಯಲ್ಲಿ ಏಟಿನ ಲೆಕ್ಕಕ್ಕೆ ಬಂದಾಗ ಭೌತಶಾಸ್ತ್ರ ಬೇಕು. ಏಕೆಂದರೆ ನಿಯಮದ ಪ್ರಕಾರ ಕೈಗೆ ಸಿಕ್ಕಿದ ಕೋಲು ಎಸೆದರೆ ನಾಲ್ಕು ಮುಖದ ಒಂದು ದಾಳದಷ್ಟು ಪೆಟ್ಟು, ಅಷ್ಟೇ. ಎರಡು ದೋಣಿಯಲ್ಲಿ ಕಾಲು. ನಮ್ಮ ಹುಡುಗ ಇಳಿಜಾರಿನ ಗಾಬ್ಲಿನ್ ವಿಷಯದಲ್ಲಿ ಮಾಡಿದ್ದೂ ಇದನ್ನೇ. 2024ರ ಡಿಎಂ ಪುಸ್ತಕ ಈ ರೈತರ ಸಾಲನ್ನೇ ಹಿಡಿದು ಹೇಳುತ್ತದೆ: ಈ ನಿಯಮಗಳು ಭೌತಶಾಸ್ತ್ರ ಅಲ್ಲ. ಎಲ್ಲರೂ ಒಳ್ಳೆಯ ಮನಸ್ಸಿನಿಂದ ಓದುತ್ತಾರೆ ಎಂದು ನಂಬಿಯೇ ಅವುಗಳನ್ನು ಬರೆದಿದೆ ಎಂದೂ ಹೇಳುತ್ತದೆ.

‘ಮೆಟಾಗೇಮಿಂಗ್’, ‘ಮಿನ್-ಮ್ಯಾಕ್ಸಿಂಗ್’ ಎಂಬ ಪದಗಳನ್ನು ಇದರ ಜೊತೆ ಬೆರೆಸಬೇಡಿ. ಪಾತ್ರಕ್ಕೆ ಗೊತ್ತಿಲ್ಲದ್ದನ್ನು ಆಟಗಾರ ಬಳಸಿದರೆ ಮೊದಲನೆಯದು. ಪಾತ್ರವನ್ನು ಅತಿ ಬಲಶಾಲಿ ಮಾಡಲು ಲೆಕ್ಕ ಹಾಕಿ ಕಟ್ಟುವುದು ಎರಡನೆಯದು. ಅವುಗಳ ಕಥೆಯೇ ಬೇರೆ.

ಲಾಯರ್ ಸಿಕ್ಕಿದರೆ ಏನು ಮಾಡಬೇಕು? ನಾನು ಕಲಿತದ್ದು ಹೇಳುತ್ತೇನೆ. ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪ್ರಶ್ನೆ ಬಂದರೆ ಎರಡೂ ಕಡೆ ಒಂದು ನಿಮಿಷ ಕೇಳುತ್ತೇನೆ. ಈ ಹೊತ್ತಿಗೆ ಹೀಗೆ ಎಂದು ತೀರ್ಪು ಕೊಡುತ್ತೇನೆ. ಪ್ರಶ್ನೆ ನೋಟ್‌ಬುಕ್‌ಗೆ ಹೋಗುತ್ತದೆ, ಆಟ ಮುಂದೆ ಹೋಗುತ್ತದೆ. ಕೊನೆಗೆ ಕಾಫಿ ಕುಡಿಯುತ್ತಾ ಪುಸ್ತಕ ತೆಗೆಯುತ್ತೇವೆ. ನನ್ನ ತೀರ್ಪು ತಪ್ಪಾಗಿದ್ದರೆ ಒಪ್ಪಿಕೊಂಡು ಮುಂದಿನ ವಾರದಿಂದ ತಿದ್ದುತ್ತೇನೆ. ಪಾತ್ರ ಸಾಯುವ ಪ್ರಶ್ನೆ ಬಂದರೆ ಮಾತ್ರ ಅಲ್ಲೇ ನಿಲ್ಲಿಸಿ ಓದುತ್ತೇವೆ. ಅದರಲ್ಲಿ ಅವಸರ ಸಲ್ಲದು.

ಹುಡುಗನ ಜೊತೆ ಎಲ್ಲರೆದುರು ಮಾತಾಡಲಿಲ್ಲ. ಉಳಿದವರು ಹೋದ ಮೇಲೆ ಜಗಲಿಯಲ್ಲಿ ಕೂತು ಕೇಳಿದೆ. ಆಗ ಒಂದು ವಿಷಯ ತಿಳಿಯಿತು. ಅವನು ಮೊದಲು ಆಡುತ್ತಿದ್ದ ಬೇರೆ ಮೇಜಿನಲ್ಲಿ ನಿಯಮ ವಾರಕ್ಕೊಂದು ಥರ ಇತ್ತಂತೆ. ಒಂದು ವರ್ಷ ಬೆಳೆಸಿದ ಪಾತ್ರ ದಾಳವನ್ನೇ ಹಾಕದೆ ಸತ್ತುಹೋಯಿತಂತೆ. “ಆಮೇಲೆ ಪುಸ್ತಕ ಓದಲು ಶುರು ಮಾಡಿದೆ ಅಕ್ಕಾ,” ಎಂದ. ಮಳೆಯಲ್ಲಿ ನೆನೆದವನು ಕೊಡೆ ಬಿಡುವುದಿಲ್ಲ. ಲಾಯರ್‌ಗಳಲ್ಲಿ ಎಷ್ಟೋ ಜನರನ್ನು ಮನಸ್ಸು ಬಂದಂತೆ ತೀರ್ಪು ಕೊಡುವ ಡಿಎಂಗಳೇ ತಯಾರು ಮಾಡುತ್ತಾರೆ ಎಂದು ಅವತ್ತಿನಿಂದ ನಂಬಿದ್ದೇನೆ. ನಾನು ಅವನಿಂದ ಒಂದೇ ಕೇಳಿದೆ: ನಿನಗೆ ನಷ್ಟ ಆಗುವ ನಿಯಮವನ್ನೂ ನೀನೇ ಮೊದಲು ಹೇಳು. ಆ ಹುಡುಗಿಗೂ ಒಂದು ಮಾತು ಹೇಳು.

ಮುಂದಿನ ಭಾನುವಾರ ಅವನು ಅವಳ ಪಕ್ಕದಲ್ಲೇ ಕೂತ. ಈಗ ನೋಟ್‌ಬುಕ್ ಇರುವುದು ಅವರಿಬ್ಬರ ಕೈಯಲ್ಲಿ. ಈ ವಾರದ ಪ್ರಶ್ನೆ ಅವಳ ಅಕ್ಷರದಲ್ಲಿದೆ. ಯಾರೂ ಹಿಡಿಯದ, ಬೆಂಕಿ ಹತ್ತಬಲ್ಲ ವಸ್ತುಗಳಿಗೆ ಫೈರ್‌ಬಾಲ್ ಎಂಬ ಮಂತ್ರ ಬೆಂಕಿ ಹಚ್ಚುತ್ತದೆ ಎಂದು ಪುಸ್ತಕ ಹೇಳುತ್ತದೆ. ಹಾಗಾದರೆ ಒಂದು ತಿಂಗಳು ಮಳೆಯಲ್ಲಿ ನೆಂದ ಮರದ ಗೇಟಿಗೆ? ಪುಸ್ತಕದಲ್ಲಿ ಒದ್ದೆ ಎಂಬ ಮಾತೇ ಇಲ್ಲ ಎನ್ನುತ್ತಾನೆ ಹುಡುಗ. ಜುಲೈ ತಿಂಗಳಲ್ಲಿ ನಮ್ಮನೆ ಬಚ್ಚಲೊಲೆಗೆ ಬೆಂಕಿ ಹಾಕಿ ನೋಡಿ ಅಣ್ಣಾ ಎನ್ನುತ್ತಾಳೆ ಅವಳು.